ಹರಳೆಣ್ಣೆ ಪಾಲಿಯುರೆಥೇನ್ ಶೀಟಿನಲ್ಲಿ ಗುಳ್ಳೆ: ನೀರು ಎಲ್ಲಿಂದ ಬರ್ತಿದೆ?

ಹರಳೆಣ್ಣೆ_ಪ್ರಾಜೆಕ್ಟ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಹರಳೆಣ್ಣೆಯನ್ನೇ ಪಾಲಿಯಾಲ್ (ಹಲವು ಹೈಡ್ರಾಕ್ಸಿಲ್ ಗುಂಪುಳ್ಳ ಭಾಗ) ಆಗಿ ಇಟ್ಟುಕೊಂಡು, ಅದನ್ನು ಗಟ್ಟಿಮಾಡುವ ಐಸೊಸಯನೇಟ್ ಆದ ಪಾಲಿಮೆರಿಕ್ ಎಂಡಿಐ ಸೇರಿಸಿ 3 ಮಿ.ಮೀ. ದಪ್ಪದ ಶೀಟ್ ಎರಕ ಹೊಯ್ಯುವುದು ನಮ್ಮ ಪ್ರಾಜೆಕ್ಟ್. ಎಳೆತದ ಬಲ, ಗಡಸುತನ, ಸವೆತ ಅಳೆದು, ಮಂಡ್ಯ ಕಡೆಯ ಅಕ್ಕಿ ಗಿರಣಿಗಳಲ್ಲಿ ಭತ್ತ ಜಾರುವ ಚ್ಯೂಟ್‌ಗೆ ಒಳಪದರವಾಗಿ ಹಾಕಬಹುದೇ ಎಂದು ನೋಡಬೇಕು.

ಈಗಿನ ವಿಧಾನ: ಅಂಗಡಿಯ ಹರಳೆಣ್ಣೆ 100 ಗ್ರಾಂ, ಪಾಲಿಮೆರಿಕ್ ಎಂಡಿಐ 40 ಗ್ರಾಂ, ಡಿಬಿಟಿಡಿಎಲ್ ವೇಗವರ್ಧಕ 2 ಹನಿ. ಪೇಪರ್ ಕಪ್ಪಿನಲ್ಲಿ ಮರದ ಕಡ್ಡಿಯಿಂದ 5 ನಿಮಿಷ ಕಲಸಿ, 15 ನಿಮಿಷ ವ್ಯಾಕ್ಯೂಮ್ ಕೊಟ್ಟು, ಗಾಜಿನ ಅಚ್ಚಿಗೆ ಸುರಿಯುವುದು. ಶೀಟಿನ ತುಂಬ ಗುಂಡುಸೂಜಿ ತಲೆಯಷ್ಟು ಗುಳ್ಳೆ. ಮೇಲ್ಮೈ 2 ದಿನವಾದರೂ ಅಂಟಂಟು. ಒಂದೇ ಶೀಟಿನಲ್ಲಿ ಶೋರ್ ಎ ಗಡಸುತನ 62ರಿಂದ 78ರವರೆಗೆ ಏರುಪೇರು. ವ್ಯಾಕ್ಯೂಮ್‌ನಲ್ಲಿ ಇಟ್ಟಷ್ಟೂ ನೊರೆ ಏಳುತ್ತಲೇ ಇರುತ್ತದೆ. ವ್ಯಾಕ್ಯೂಮ್ ಸಾಲದೇ, ಅಥವಾ ಬೇರೇನಾದರೂ ತಪ್ಪೇ?

ಕೂರ್ಗಳ್ಳಿ_ಕಾಸ್ಟಿಂಗ್

ವ್ಯಾಕ್ಯೂಮ್ ಸಾಲದ್ದಲ್ಲ. ನಿಮ್ಮ ಎಣ್ಣೆಯಲ್ಲಿ ನೀರಿದೆ. ಕೊನೆಯ ಸಾಲೇ ಅದನ್ನು ಹೇಳುತ್ತಿದೆ. ಕಲಸುವಾಗ ಸಿಕ್ಕಿಕೊಂಡ ಗಾಳಿಯಾದರೆ ವ್ಯಾಕ್ಯೂಮ್ ಕೊಟ್ಟ ಒಂದೆರಡು ನಿಮಿಷಕ್ಕೆ ನೊರೆ ಉಕ್ಕಿ, ಒಡೆದು, ಕುಸಿಯುತ್ತದೆ. ಕುಸಿಯದೆ ಸಣ್ಣ ಸಣ್ಣ ಗುಳ್ಳೆ ಒಂದೇ ಸಮ ಬರುತ್ತಿದ್ದರೆ ಒಳಗೆ ಅನಿಲ ಹುಟ್ಟುತ್ತಿದೆ ಎಂದರ್ಥ. ಐಸೊಸಯನೇಟ್ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಅಮೈನ್ ಆಗುತ್ತದೆ. ಆ ಅಮೈನ್ ಮತ್ತೊಂದು ಐಸೊಸಯನೇಟನ್ನು ಹಿಡಿದು ಯೂರಿಯಾ ಆಗುತ್ತದೆ. ನೀರಿನ ಒಂದು ಅಣು ಐಸೊಸಯನೇಟ್‌ನ ಎರಡು ತುದಿ ತಿನ್ನುತ್ತದೆ. ಲೆಕ್ಕಕ್ಕೆ ನೀರಿನ ತುಲ್ಯ ತೂಕ (ಒಂದು ಕ್ರಿಯಾ ತುದಿಯ ಪಾಲಿಗೆ ಬರುವ ತೂಕ) 9.

ಲೆಕ್ಕ ಹಾಕಿ ನೋಡಿ. ಹರಳೆಣ್ಣೆಯ ಹೈಡ್ರಾಕ್ಸಿಲ್ ಮೌಲ್ಯ (ಎಣ್ಣೆಯಲ್ಲಿ ಎಷ್ಟು ಹೈಡ್ರಾಕ್ಸಿಲ್ ಗುಂಪಿದೆ ಎಂಬ ಅಳತೆ) 163 ಎಂದಿಟ್ಟುಕೊಂಡರೆ ತುಲ್ಯ ತೂಕ 56100 ÷ 163 = 344. ಪಾಲಿಮೆರಿಕ್ ಎಂಡಿಐನಲ್ಲಿ ಎನ್‌ಸಿಒ (ಐಸೊಸಯನೇಟ್ ಗುಂಪು) 31% ಇದ್ದರೆ ತುಲ್ಯ ತೂಕ 4200 ÷ 31 = 135.5. ಹಾಗಾಗಿ 100 ಗ್ರಾಂ ಎಣ್ಣೆಗೆ ಸರಿಸಮ ಎಂದರೆ 39.4 ಗ್ರಾಂ ಎಂಡಿಐ. ಇಂಡೆಕ್ಸ್ 1.05, ಅಂದರೆ ಎಂಡಿಐ 5% ಹೆಚ್ಚಿಗೆ, ಬೇಕಾದರೆ 41.3 ಗ್ರಾಂ.

ಎಣ್ಣೆಯಲ್ಲಿ ನೀರು 0.2% ಇದೆ ಅಂದುಕೊಳ್ಳಿ, 100 ಗ್ರಾಂಗೆ 0.2 ಗ್ರಾಂ. ಅಷ್ಟೇ ನೀರು 3 ಗ್ರಾಂ ಎಂಡಿಐ ತಿಂದುಹಾಕುತ್ತದೆ. ನೀವು ಹಾಕಿದ 40ರಲ್ಲಿ ಎಣ್ಣೆಯ ಪಾಲಿಗೆ ಉಳಿಯುವುದು 37 ಗ್ರಾಂ, ಅಂದರೆ ಬೇಕಾದದ್ದರ 94%. ಅಂಟಂಟು ಬರುವುದು ಇದರಿಂದ. ಇನ್ನು ಅನಿಲ: 0.2 ಗ್ರಾಂ ನೀರಿನಿಂದ ಕೋಣೆಯ ಉಷ್ಣತೆಯಲ್ಲಿ ಸುಮಾರು 270 ಮಿ.ಲೀ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಿಮ್ಮ ಇಡೀ ಮಿಶ್ರಣವೇ ಸುಮಾರು 138 ಮಿ.ಲೀ. ಅದರ ಎರಡರಷ್ಟು ಅನಿಲವನ್ನು ಯಾವ ಪಂಪೂ ಗಟ್ಟಿಯಾಗುವುದರೊಳಗೆ ಎಳೆದು ತೆಗೆಯಲಾರದು.

ಎಂಡಿಐ ಜಾಸ್ತಿ ಹಾಕಿ ಸರಿಮಾಡೋಣ ಅನ್ನಿಸಬಹುದು. ಅಂಟು ಹೋಗುತ್ತದೆ, ಗುಳ್ಳೆ ಹೋಗುವುದಿಲ್ಲ. ಎಣ್ಣೆಯನ್ನೇ ಒಣಗಿಸಬೇಕು.

ಟೈಟ್ರೇಷನ್_ಮೇಡಂ

ಮೇಲಿನ ಲೆಕ್ಕ ಸರಿ. ಆದರೆ 163, 31 ಎನ್ನುವ ಅಂಕಿಗಳನ್ನು ಪುಸ್ತಕದಿಂದ ಎತ್ತಿಕೊಳ್ಳಬೇಡಿ, ನಿಮ್ಮ ಡಬ್ಬದ್ದನ್ನೇ ಅಳೆಯಿರಿ.

ಮೊದಲು ಎಣ್ಣೆ. ಅಕ್ಕಡಿ ಸಾಲಿನ ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಬೇಯಿಸಿ ತೆಗೆಯುವ ಮನೆಯ ಎಣ್ಣೆ ತಲೆಗೆ, ಹೊಟ್ಟೆಗೆ ಒಳ್ಳೆಯದು. ಈ ಕೆಲಸಕ್ಕೆ ಬೇಡ. ಅದರಲ್ಲಿ ನೀರೂ ಇರುತ್ತದೆ, ಗೋಂದಿನಂಥ ಜಿಗುಟು ಪದಾರ್ಥವೂ ಇರುತ್ತದೆ. ಅಂಗಡಿಯ ಬಿಡಿ ಎಣ್ಣೆಯಲ್ಲಿ ಬೇರೆ ಎಣ್ಣೆ ಬೆರೆತಿದ್ದರೆ ಹೈಡ್ರಾಕ್ಸಿಲ್ ಮೌಲ್ಯವೇ ಕುಸಿದಿರುತ್ತದೆ, ಏಕೆಂದರೆ ಕಡಲೆಕಾಯಿ ಎಣ್ಣೆಗಾಗಲಿ ತಾಳೆ ಎಣ್ಣೆಗಾಗಲಿ ಹೈಡ್ರಾಕ್ಸಿಲ್ ಗುಂಪೇ ಇಲ್ಲ. ಅವು ಶೀಟಿನೊಳಗೆ ಸುಮ್ಮನೆ ಕೂತು ಆಮೇಲೆ ಮೇಲಕ್ಕೆ ಒಸರುತ್ತವೆ. ಕೈಗಾರಿಕಾ ದರ್ಜೆಯ 'ಫಸ್ಟ್ ಸ್ಪೆಷಲ್ ಗ್ರೇಡ್' ಎಣ್ಣೆ ತನ್ನಿ. ಆಮ್ಲ ಮೌಲ್ಯ 2ಕ್ಕಿಂತ ಕಡಿಮೆ ಇರಲಿ. ಬಿಡಿ ಕೊಬ್ಬಿನಾಮ್ಲವೂ ಐಸೊಸಯನೇಟ್ ಜೊತೆ ಸೇರಿ ಅನಿಲ ಬಿಡುತ್ತದೆ, ನೀರಿಗಿಂತ ನಿಧಾನವಾಗಿ. ಆ ದರ್ಜೆಯಲ್ಲೂ ತೇವ ಸಾಮಾನ್ಯವಾಗಿ 0.25%ವರೆಗೆ ಇರಬಹುದು, ಹಾಗಾಗಿ ಸೀಲ್ ಒಡೆದ ಹೊಸ ಡಬ್ಬವನ್ನೂ ಒಣಗಿಸಲೇಬೇಕು. ತೇವ ಅಳೆಯಲು ಕಾರ್ಲ್ ಫಿಶರ್ ಟೈಟ್ರೇಷನ್ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಎಣ್ಣೆ ಕಾಯಿಸಿ ತೂಕ ಎಷ್ಟು ಇಳಿಯಿತು ಎಂದು ನೋಡುವ ವಿಧಾನ 0.05% ಮಟ್ಟದಲ್ಲಿ ನಂಬಿಕೆಗೆ ಯೋಗ್ಯವಲ್ಲ.

ಈಗ ಎನ್‌ಸಿಒ ಟೈಟ್ರೇಷನ್. ಡೈಬ್ಯೂಟೈಲ್ ಅಮೈನ್ ಹೆಚ್ಚಿಗೆ ಹಾಕಿ, ಉಳಿದದ್ದನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಅಳೆಯುವ ವಿಧಾನ, ಎಎಸ್‌ಟಿಎಂ ಡಿ2572. ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. ಪ್ರಿಪಾಲಿಮರ್‌ಗೆಂದು (ಪಾಲಿಯಾಲ್ ಜೊತೆ ಮೊದಲೇ ಅರೆಬರೆ ಸೇರಿಸಿದ ಐಸೊಸಯನೇಟ್) ಬರೆದ 0.1 ನಾರ್ಮಲ್ ಅಮೈನ್ 25 ಮಿ.ಲೀ.ಯನ್ನೇ ಪಾಲಿಮೆರಿಕ್ ಎಂಡಿಐಗೂ ಹಾಕುತ್ತಾರೆ. 1 ಗ್ರಾಂ ಎಂಡಿಐನಲ್ಲಿ ಎನ್‌ಸಿಒ 7.4 ಮಿಲಿಈಕ್ವಿವಲೆಂಟ್ ಇರುತ್ತದೆ. 0.1 ನಾರ್ಮಲ್ 25 ಮಿ.ಲೀ. ಅಂದರೆ ಬರೀ 2.5. ಅಮೈನ್ ಪೂರ್ತಿ ಮುಗಿದುಹೋಗಿ ಅರ್ಥವಿಲ್ಲದ ಉತ್ತರ ಬರುತ್ತದೆ. ಎಂಡಿಐಗೆ 2 ನಾರ್ಮಲ್ ಅಮೈನ್ 20 ಮಿ.ಲೀ., ಸ್ಯಾಂಪಲ್ 2.5–3 ಗ್ರಾಂ, ಒಣ ಟಾಲುಯೀನ್ 25 ಮಿ.ಲೀ., 15 ನಿಮಿಷ ಕಲಕಿ, ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ. ಹಾಕಿ, ಬ್ರೋಮೊಫಿನಾಲ್ ಬ್ಲೂ ಇಟ್ಟು 1 ನಾರ್ಮಲ್ ಆಮ್ಲದಿಂದ ನೀಲಿ ಹೋಗಿ ಹಳದಿ ಬರುವವರೆಗೆ. ಖಾಲಿ ಪ್ರಯೋಗದ (ಸ್ಯಾಂಪಲ್ ಹಾಕದೆ ಮಾಡಿದ್ದು) ಮಿ.ಲೀ.ಯಿಂದ ಸ್ಯಾಂಪಲ್ಲಿನ ಮಿ.ಲೀ. ಕಳೆದು, ನಾರ್ಮಾಲಿಟಿಯಿಂದಲೂ 4.2ರಿಂದಲೂ ಗುಣಿಸಿ, ತೂಕದಿಂದ ಭಾಗಿಸಿದರೆ ಎನ್‌ಸಿಒ ಶೇಕಡ. ಖಾಲಿ ಪ್ರಯೋಗವನ್ನು ಅದೇ ದಿನ, ಅದೇ ಬಾಟಲಿಯ ಅಮೈನ್‌ನಿಂದ ಮಾಡಿ.

ಹರಳೆಣ್ಣೆ_ಪ್ರಾಜೆಕ್ಟ್ (ಮೈಸೂರು)

ಧನ್ಯವಾದ ಸರ್, ಮೇಡಂ. ನಮ್ಮ ವ್ಯಾಕ್ಯೂಮ್ ಓವನ್ ಬಿಸಿಯಾಗುವುದಿಲ್ಲ, ಬರೀ ಡೆಸಿಕೇಟರ್ ಮತ್ತು ಪಂಪ್ ಇದೆ. ಎಣ್ಣೆ ಒಣಗಿಸಲು ಬೇರೆ ದಾರಿ ಇದೆಯೇ? ಡಿಬಿಟಿಡಿಎಲ್ 2 ಹನಿ ಸರಿಯೇ?

ಕೂರ್ಗಳ್ಳಿ_ಕಾಸ್ಟಿಂಗ್

ಇದೆ. ಮೂರು ಕುತ್ತಿಗೆಯ ಫ್ಲಾಸ್ಕು, ಹೀಟಿಂಗ್ ಮ್ಯಾಂಟಲ್, ಕಲಕುವ ಮೋಟಾರು, ನಿಮ್ಮ ಪಂಪ್ ಇಷ್ಟಿದ್ದರೆ ಸಾಕು. ಎಣ್ಣೆಯನ್ನು 100–110 °ಸೆ.ಗೆ ಏರಿಸಿ, ಕಲಕುತ್ತಾ, 10 ಮಿಲಿಬಾರ್‌ಗಿಂತ ಕೆಳಗೆ ಒಂದೂವರೆಯಿಂದ ಎರಡು ಗಂಟೆ. ಮೊದಲ ಹತ್ತು ನಿಮಿಷ ಜೋರಾಗಿ ನೊರೆ ಬರುತ್ತದೆ. ಫ್ಲಾಸ್ಕು ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಎಣ್ಣೆ ನೇರ ಪಂಪಿಗೆ ಹೋಗುತ್ತದೆ. ನಡುವೆ ಟ್ರ್ಯಾಪ್ ಇಡಿ. 60 °ಸೆ.ಗೇ ನಿಲ್ಲಿಸಬೇಡಿ. ಹರಳೆಣ್ಣೆ ಮಂದ, 25 °ಸೆ.ನಲ್ಲಿ 650–700 ಸೆಂಟಿಪಾಯ್ಸ್ ಇರುತ್ತದೆ. ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಹಿಡಿದುಕೊಂಡಿರುತ್ತವೆ, ಬಿಸಿ ಇಲ್ಲದೆ ಬಿಡುವುದಿಲ್ಲ. ತಣಿಸುವಾಗ ವ್ಯಾಕ್ಯೂಮ್ ಒಡೆಯಬೇಕಾದರೆ ಸಿಲಿಕಾ ಜೆಲ್ ನಳಿಗೆಯ ಮೂಲಕ ಗಾಳಿ ಬಿಡಿ. ಆಷಾಢದಲ್ಲಿ ಕಿಟಕಿ ತೆರೆದಿಟ್ಟು ತಣಿಸಿದರೆ ತೆಗೆದ ನೀರು ವಾಪಸ್ ಬರುತ್ತದೆ. ಗುರಿ 0.03%ಕ್ಕಿಂತ ಕಡಿಮೆ.

ಅದೂ ಆಗದಿದ್ದರೆ 3ಎ ಮಾಲಿಕ್ಯುಲರ್ ಸೀವ್ ಪುಡಿ, ಎಣ್ಣೆಯ ತೂಕದ 3–5%. ಎರಕದೊಳಗೇ ಉಳಿಯಬಹುದು, ತೊಂದರೆಯಿಲ್ಲ, ಶೀಟು ಮಸುಕಾಗುತ್ತದೆ ಅಷ್ಟೇ. ಸವೆತ, ಎಳೆತದ ಹೋಲಿಕೆ ಮಾಡುವಾಗ ಮಾತ್ರ ಎಲ್ಲ ಬ್ಯಾಚಿಗೂ ಒಂದೇ ಪ್ರಮಾಣ ಹಾಕಿ, ಇಲ್ಲದಿದ್ದರೆ ಪುಡಿಯ ಪರಿಣಾಮವನ್ನೇ ಅಳೆದಂತಾಗುತ್ತದೆ. ಡಬ್ಬ ತೆರೆದಿಟ್ಟ ಹಳೇ ಸೀವ್ ಈಗಾಗಲೇ ನೀರು ಕುಡಿದಿರುತ್ತದೆ. 250–300 °ಸೆ.ನಲ್ಲಿ ಕಾಯಿಸಿ ಮತ್ತೆ ಚುರುಕು ಮಾಡಿಕೊಳ್ಳಿ.

ಪೇಪರ್ ಕಪ್, ಮರದ ಕಡ್ಡಿ ಇವತ್ತೇ ಬಿಡಿ. ಎರಡೂ ತೇವ ಹಿಡಿದಿರುತ್ತವೆ. ಪಾಲಿಪ್ರೊಪಿಲೀನ್ ಕಪ್, ಸ್ಟೀಲ್ ಸಟ್ಟುಗ. ಕಲಸುವಾಗ ಅಂಚನ್ನೂ ತಳವನ್ನೂ ಕೆರೆದು, ಇನ್ನೊಂದು ಒಣ ಕಪ್ಪಿಗೆ ಸುರಿದು ಮತ್ತೊಮ್ಮೆ ಕಲಸಿ. ನಿಮ್ಮ 62–78 ಏರುಪೇರಿಗೆ ಅರ್ಧ ಕಾರಣ ಅಂಚಿನಲ್ಲಿ ಕಲಸದೆ ಉಳಿದ ಎಣ್ಣೆ ಎಂದೇ ನನ್ನ ಅಭಿಪ್ರಾಯ.

ಡಿಬಿಟಿಡಿಎಲ್ ಹನಿ ಲೆಕ್ಕದಲ್ಲಿ ಬೇಡ. 2 ಹನಿ ಸುಮಾರು 0.05 ಗ್ರಾಂ, ಅಂದರೆ ಮಿಶ್ರಣದ 0.035%. ಒಂದು ಹನಿ ಹೆಚ್ಚುಕಮ್ಮಿಯಾದರೆ ಗಟ್ಟಿಯಾಗುವ ಸಮಯವೇ ಬದಲಾಗುತ್ತದೆ. ಒಣಗಿಸಿದ ಹರಳೆಣ್ಣೆಯಲ್ಲಿ 1% ದ್ರಾವಣ ಮಾಡಿಕೊಂಡು ತೂಕದಲ್ಲಿ ಹಾಕಿ, ಆ ಎಣ್ಣೆಯನ್ನೂ ಲೆಕ್ಕಕ್ಕೆ ಸೇರಿಸಿ. 0.01%ನಿಂದ ಶುರುಮಾಡಿ, 50 ಗ್ರಾಂ ಕಪ್ಪಿನಲ್ಲಿ ನೋಡಿಕೊಳ್ಳಿ. ಹರಳೆಣ್ಣೆಯ ಹೈಡ್ರಾಕ್ಸಿಲ್ ಸೆಕೆಂಡರಿ, ಸ್ವಭಾವತಃ ನಿಧಾನ. ಆ ನಿಧಾನ ನಿಮಗೆ ಗಾಳಿ ತೆಗೆಯಲು ಸಮಯ ಕೊಡುತ್ತದೆ, ಅದನ್ನು ಹಾಳುಮಾಡಿಕೊಳ್ಳಬೇಡಿ. ಫೋಮ್‌ನವರು ಬಳಸುವ ಅಮೈನ್ ವೇಗವರ್ಧಕ ಹಾಕಲೇಬೇಡಿ. ಅದು ನೀರಿನ ಕ್ರಿಯೆಯನ್ನೇ ಹುರಿದುಂಬಿಸುತ್ತದೆ.

ಅಚ್ಚನ್ನು 70–80 °ಸೆ.ಗೆ ಬಿಸಿಮಾಡಿ ಸುರಿಯಿರಿ. ಗುಳ್ಳೆ ಶೀಟಿನ ಒಂದು ಮುಖದಲ್ಲಿ ಮಾತ್ರ ಸಾಲುಗಟ್ಟಿದ್ದರೆ ತಪ್ಪು ಎಣ್ಣೆಯದಲ್ಲ, ಅಚ್ಚಿನ ಮೇಲಿನ ತೇವದ್ದು ಅಥವಾ ಪೂರ್ತಿ ಆರದ ರಿಲೀಸ್ ಏಜೆಂಟಿನದ್ದು.

ಗುಳ್ಳೆ ಹೋಯಿತೇ ಎಂದು ಬೇಗ ತಿಳಿಯಲು ತುಂಡು ಕತ್ತರಿಸಿ ನೀರಿಗೆ ಹಾಕಿ. ಗಟ್ಟಿ ಶೀಟಿನ ಸಾಂದ್ರತೆ 1.05ರ ಆಸುಪಾಸು ಇರಬೇಕು, ಮುಳುಗಬೇಕು. ತೇಲಿದರೆ ಒಳಗೆ ಸುಮಾರು 5%ಕ್ಕಿಂತ ಹೆಚ್ಚು ಅನಿಲ ಇದೆ.

ತೂಬಿನಕೆರೆ_ರೋಲರ್

ಗುಳ್ಳೆ ಹೋಯ್ತು ಅಂತಾನೇ ಇಟ್ಕೊಳ್ಳಿ. ಬರೀ ಹರಳೆಣ್ಣೆ ಮತ್ತು ಎಂಡಿಐ ಶೀಟು ಭತ್ತದ ಚ್ಯೂಟ್‌ಗೆ ಬಾಳಿಕೆ ಬರಲ್ಲ ಕಣ್ರೀ. ಭತ್ತದ ಹೊಟ್ಟು ಸುಟ್ಟರೆ ತೂಕದ ಸುಮಾರು 20% ಬೂದಿ ಉಳಿಯುತ್ತೆ, ಆ ಬೂದಿಯ ಬಹುಪಾಲು ಸಿಲಿಕಾ. ಅಂದ್ರೆ ಚ್ಯೂಟ್ ಮೇಲೆ ದಿನವಿಡೀ ಮರಳುಕಾಗದ ಉಜ್ಜಿದ ಹಾಗೆ.

ಹರಳೆಣ್ಣೆಯ ಶೀಟು ಯಾಕೆ ದುರ್ಬಲ ಅಂದ್ರೆ ಅದರ ರಚನೆ. ರಿಸಿನೋಲಿಯಿಕ್ ಆಮ್ಲದ 18 ಇಂಗಾಲದ ಸರಪಳಿಯಲ್ಲಿ ಹೈಡ್ರಾಕ್ಸಿಲ್ ಇರೋದು 12ನೆಯದರ ಮೇಲೆ. ಎಂಡಿಐ ಅಲ್ಲಿ ಹಿಡಿದುಕೊಳ್ಳುತ್ತೆ, ಉಳಿದ 6 ಇಂಗಾಲದ ಬಾಲ ಯಾವುದಕ್ಕೂ ಅಂಟದೆ ನೇತಾಡುತ್ತೆ. ಭಾರ ಹೊರೋಕೆ ಅದರಿಂದ ಏನೂ ಉಪಯೋಗ ಇಲ್ಲ, ಜಾಗ ಮಾತ್ರ ಹಿಡಿಯುತ್ತೆ. ಇನ್ನೊಂದು, ಒಳ್ಳೆ ಪಾಲಿಯುರೆಥೇನ್‌ನಲ್ಲಿ ಮೆದು ಭಾಗ ಬೇರೆ, ಗಡಸು ಭಾಗ ಬೇರೆಯಾಗಿ ಗುಂಪುಗೂಡುತ್ತವೆ. ಗಡಸು ಗುಂಪುಗಳು ಹೈಡ್ರೋಜನ್ ಬಂಧದಿಂದ ಗಂಟು ಹಾಕಿಕೊಂಡು ಬಲ ಕೊಡುತ್ತವೆ. ಹರಳೆಣ್ಣೆಗೆ ಮೂರು ಕಡೆ ಕೈ, ಪಾಲಿಮೆರಿಕ್ ಎಂಡಿಐಗೂ ಹೆಚ್ಚುಕಮ್ಮಿ ಹಾಗೇ. ಎಲ್ಲಾ ಕಡೆ ಒಂದೇ ಸಮ ಬಲೆ ಹೆಣೆದುಕೊಳ್ಳುತ್ತೆ, ಗುಂಪುಗೂಡೋಕೆ ಅವಕಾಶವೇ ಇಲ್ಲ. ಅದಕ್ಕೇ ಎಳೆತದ ಬಲ ಒಂದಂಕಿಯ ಮೆಗಾಪ್ಯಾಸ್ಕಲ್‌ನಲ್ಲಿ ನಿಲ್ಲುತ್ತೆ. ಪಿಟಿಎಂಇಜಿ ಅನ್ನೋ ಪಾಲಿಈಥರ್ ಪಾಲಿಯಾಲ್‌ನಿಂದ ಮಾಡಿದ ಪ್ರಿಪಾಲಿಮರಿನ 90 ಶೋರ್ ಎ ಎರಕ 30 ಮೆಗಾಪ್ಯಾಸ್ಕಲ್ ದಾಟುತ್ತೆ.

ಹರಳೆಣ್ಣೆ ಬಿಡಬೇಕಾಗಿಲ್ಲ, ಅದರ ಪಾಲು ಇಳಿಸಿ. ಪ್ರಿಪಾಲಿಮರ್ ದಾರಿ ಹೀಗೆ: ಒಣಗಿಸಿದ ಪಿಟಿಎಂಇಜಿ 1000, 100 ಗ್ರಾಂ. ಶುದ್ಧ ಎಂಡಿಐ 75 ಗ್ರಾಂ, 45–50 °ಸೆ.ನಲ್ಲಿ ಕರಗಿಸಿದ್ದು. ನೈಟ್ರೋಜನ್ ಅಡಿಯಲ್ಲಿ 80 °ಸೆ., 2 ಗಂಟೆ. ಲೆಕ್ಕದ ಪ್ರಕಾರ ಎನ್‌ಸಿಒ 9.6% ಬರಬೇಕು, ಟೈಟ್ರೇಷನ್ ಮಾಡಿ ಖಚಿತ ಮಾಡಿಕೊಳ್ಳಿ. ಇದಕ್ಕೆ 0.1 ಅಲ್ಲ, ಅದಕ್ಕಿಂತ ಗಟ್ಟಿ ಅಮೈನೇ ಬೇಕು, ಮೇಡಂ ಹೇಳಿದ ಲೆಕ್ಕವನ್ನೇ ಇಲ್ಲೂ ಹಾಕಿ. ಆಮೇಲೆ 100 ಗ್ರಾಂ ಪ್ರಿಪಾಲಿಮರ್‌ಗೆ ಸರಪಳಿ ಉದ್ದ ಮಾಡೋ ಬ್ಯೂಟೇನ್‌ಡಯಾಲ್ 7.8 ಗ್ರಾಂ ಮತ್ತು ಹರಳೆಣ್ಣೆ 15 ಗ್ರಾಂ. ಹೈಡ್ರಾಕ್ಸಿಲ್‌ನಲ್ಲಿ 80% ಡಯಾಲ್‌ದು, 20% ಎಣ್ಣೆಯದು, ಇಂಡೆಕ್ಸ್ 1.05. ಬ್ಯೂಟೇನ್‌ಡಯಾಲ್ ಮತ್ತು ಹರಳೆಣ್ಣೆ ಒಂದಕ್ಕೊಂದು ಚೆನ್ನಾಗಿ ಬೆರೆಯಲ್ಲ, ಮಸುಕಾಗಿ ಬೇರೆಯಾಗುತ್ತವೆ. ಮೊದಲೇ ಬೆರೆಸಿ ಬಾಟಲಿಯಲ್ಲಿ ಇಡಬೇಡಿ. ಪ್ರತಿ ಸಲ ತೂಗಿ, ಕಲಸಿ, ಕೂಡಲೇ ಪ್ರಿಪಾಲಿಮರಿಗೆ ಹಾಕಿ. ಬ್ಯೂಟೇನ್‌ಡಯಾಲ್ ಕೂಡ ನೀರು ಕುಡಿಯೋದರಲ್ಲಿ ಮುಂದು.

ರೋಲರ್ ಎರಕದವರು ಬಳಸೋ ಲೆಕ್ಕ ಬೇರೆ: ಟಿಡಿಐ (ಇನ್ನೊಂದು ಐಸೊಸಯನೇಟ್)–ಪಿಟಿಎಂಇಜಿ ಪ್ರಿಪಾಲಿಮರ್, ಎನ್‌ಸಿಒ 4.2%. ಇದಕ್ಕೆ ಮೋಕಾ ಅನ್ನೋ ಗಟ್ಟಿ ಮಾಡೋ ಅಮೈನ್ 95% ಲೆಕ್ಕದಲ್ಲಿ 100ಕ್ಕೆ 12.7 ಗ್ರಾಂ. ಪ್ರಿಪಾಲಿಮರ್ 80–85 °ಸೆ., ಮೋಕಾ ಕರಗಿಸಿ 110–120 °ಸೆ., ಅಚ್ಚು 100 °ಸೆ., ಅಲ್ಲೇ 16 ಗಂಟೆ. ಆದ್ರೆ ಮೋಕಾ ಕ್ಯಾನ್ಸರ್ ತರುವಂಥದ್ದು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದೆ. ಕಾಲೇಜು ಲ್ಯಾಬಿಗೆ ತರಲೇಬೇಡಿ. ಅದರ ಬದಲಿಗೆ ಡಿಎಂಟಿಡಿಎ ಅನ್ನೋ ಅಮೈನ್ ಇದೆ, ದ್ರವರೂಪದ್ದು, ತುಲ್ಯ ತೂಕ 107, ಅದೇ ಪ್ರಿಪಾಲಿಮರಿಗೆ 10.2 ಗ್ರಾಂ. ಕರಗಿಸುವ ತಾಪತ್ರಯವೂ ಇಲ್ಲ, ಮೋಕಾ ಹೊಗೆಯೂ ಇಲ್ಲ. ಅಕ್ಕಿ ಮುಟ್ಟುವ ಜಾಗ ಅಂತ ಮರೀಬೇಡಿ. ಆಹಾರ ತಾಗುವ ಪದರಕ್ಕೆ ಮೋಕಾ ಎರಕ ಯಾವ ಕಾರಣಕ್ಕೂ ಆಗಲ್ಲ. ಚ್ಯೂಟ್‌ಗೆ ಶಿಫಾರಸು ಮಾಡೋ ಮೊದಲು ಐಎಸ್ 9845 ಪ್ರಕಾರ ಮೈಗ್ರೇಷನ್ (ಪದರದಿಂದ ಆಹಾರಕ್ಕೆ ಎಷ್ಟು ಇಳಿಯುತ್ತೆ ಅನ್ನೋ) ಪರೀಕ್ಷೆ ಮಾಡಿಸಿ.

ಟೈಟ್ರೇಷನ್_ಮೇಡಂ

ತೂಬಿನಕೆರೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಹರಳೆಣ್ಣೆ ಆಧಾರಿತ ಪಾಲಿಯುರೆಥೇನ್, ಅದನ್ನು ಬೇರೆ ಪಾಲಿಮರ್ ಜೊತೆ ಹೆಣೆದ ಬಲೆಗಳು, ಪುಡಿ ತುಂಬಿದ ಸಂಯುಕ್ತಗಳು ಇವೆಲ್ಲದರ ಮೇಲೆ ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನ ಪಾಲಿಮರ್ ವಿಜ್ಞಾನ ವಿಭಾಗದಿಂದ ಸಾಕಷ್ಟು ಸಂಶೋಧನಾ ಪ್ರಬಂಧಗಳು ಬಂದಿವೆ. ಶುರುಮಾಡುವ ಮುನ್ನ ಓದಿಕೊಂಡರೆ ಯಾವ ಪ್ರಶ್ನೆಗೆ ಉತ್ತರ ಈಗಾಗಲೇ ಇದೆ ಎಂಬುದು ತಿಳಿಯುತ್ತದೆ.

ಬಿಸಿನೀರು_ವಿಜಯನಗರ

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ತಪ್ಪಾದರೆ ಬೇರೆ ಹಾಕುತ್ತೇನೆ. 200 ಲೀಟರಿನ ಸೋಲಾರ್ ಟ್ಯಾಂಕ್, 50 ಮಿ.ಮೀ. ಪಫ್ (ಶಾಖ ತಡೆಯುವ ಪಾಲಿಯುರೆಥೇನ್ ಫೋಮ್) ಅಂತ ಬರೆದಿದೆ. ಸಂಜೆ 60 °ಸೆ. ಇದ್ದ ನೀರು ಬೆಳಗ್ಗೆ 50ಕ್ಕೆ ಇಳಿಯುತ್ತಿದೆ. ಪಫ್ ಹಳೆಯದಾದರೆ ಹೀಗಾಗುತ್ತದೆಯೇ?

ಪಫ್_ಹೆಬ್ಬಾಳ್

ಇಲ್ಲೇ ಇರಲಿ, ಇದೂ ಪಾಲಿಯುರೆಥೇನೇ, ಇದೂ ನೀರಿನದೇ ವಿಚಾರ.

ಗಟ್ಟಿ ಪಫ್‌ನ ಶಾಖವಾಹಕತೆ 0.025 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್ ಎಂದಿಟ್ಟುಕೊಳ್ಳಿ. ಒಳವ್ಯಾಸ 450 ಮಿ.ಮೀ., ಉದ್ದ 1260 ಮಿ.ಮೀ. ಇದ್ದರೆ 200 ಲೀಟರ್ ಹಿಡಿಯುತ್ತದೆ. ಪಫ್‌ನ ನಡುಪದರದ ವಿಸ್ತೀರ್ಣ ಸುಮಾರು 2.45 ಚದರ ಮೀಟರ್. ಒಳಗೆ 60, ಹೊರಗೆ 20 ಡಿಗ್ರಿ ಆದರೆ ಹೊರಹೋಗುವ ಶಾಖ 49 ವ್ಯಾಟ್. ಹನ್ನೆರಡು ಗಂಟೆಗೆ 2.1 ಮೆಗಾಜೂಲ್. 200 ಲೀಟರ್ ನೀರಿಗೆ ಅದು ಎರಡೂವರೆ ಡಿಗ್ರಿ ಮಾತ್ರ. ಅಂದರೆ ಒಣ ಪಫ್ ಇದ್ದರೆ ಬೆಳಗ್ಗೆ 57 ಇರಬೇಕು. ಪೈಪು, ಫಿಟಿಂಗ್‌ಗಳಿಗೆ ಇನ್ನೊಂದೆರಡು ಡಿಗ್ರಿ ಬಿಟ್ಟರೂ 50 ಬಹಳ ಕಡಿಮೆ.

ಬರೀ ವಯಸ್ಸಾದ್ದರಿಂದ ಇಷ್ಟು ಹಾಳಾಗುವುದಿಲ್ಲ. ಕೋಶಗಳಲ್ಲಿನ ಊದುವ ಅನಿಲ ನಿಧಾನಕ್ಕೆ ಹೊರಹೋಗಿ ಗಾಳಿ ಸೇರುತ್ತದೆ, ವಾಹಕತೆ ಸ್ವಲ್ಪ ಏರುತ್ತದೆ. ಆದರೆ ನೀರು ಹೊಕ್ಕರೆ ಕಥೆಯೇ ಬೇರೆ. ನೀರಿನ ವಾಹಕತೆ 0.6, ಪಫ್‌ನ ಇಪ್ಪತ್ತನಾಲ್ಕು ಪಟ್ಟು. ಕೋಶಗಳಲ್ಲಿ 90%ಕ್ಕಿಂತ ಹೆಚ್ಚು ಮುಚ್ಚಿದವೇ ಆದರೂ, ಒಳತೊಟ್ಟಿಯ ವೆಲ್ಡಿಂಗ್ ಸಣ್ಣಗೆ ಸೋರುತ್ತಿದ್ದರೆ ಬಿಸಿನೀರು ವರ್ಷಗಟ್ಟಲೆ ಒತ್ತಿ ಒತ್ತಿ ಒಳಹೋಗುತ್ತದೆ. ಬೋರ್‌ವೆಲ್ ಗಡಸುನೀರು ಇರುವ ಬಡಾವಣೆಗಳಲ್ಲಿ ಇದು ಹೆಚ್ಚು. ಹೊರಕವಚದ ಕೆಳ ಅಂಚಿನಲ್ಲಿ ಬಿಳಿ ಉಪ್ಪಿನ ಕಲೆ, ತುಕ್ಕಿನ ಗೆರೆ ಇದೆಯೇ ನೋಡಿ. ಟ್ಯಾಂಕ್ ಖಾಲಿಮಾಡಿ ತಟ್ಟಿ ನೋಡಿ, ಒದ್ದೆ ಜಾಗ ಮಂದವಾಗಿ ಸದ್ದು ಮಾಡುತ್ತದೆ. ಕವಚದೊಳಗೆ ಒದ್ದೆಯಾದ ಪಫ್ ತಾನಾಗಿ ಒಣಗುವುದಿಲ್ಲ. ತೆಗೆದು ಹೊಸದು ತುಂಬಬೇಕು.

ಅದಕ್ಕೂ ಮೊದಲು ಪಫ್‌ಗೆ ಸಂಬಂಧವಿಲ್ಲದ ಒಂದನ್ನು ನೋಡಿ. ರಾತ್ರಿ ಕಲೆಕ್ಟರ್‌ನ ತಣ್ಣೀರು ಹಿಮ್ಮುಖವಾಗಿ ಟ್ಯಾಂಕಿಗೆ ಹರಿದರೂ ಇದೇ ಲಕ್ಷಣ. ಫ್ಲ್ಯಾಟ್ ಪ್ಲೇಟ್ ಆಗಿದ್ದರೆ ಟ್ಯಾಂಕಿನ ತಳ ಕಲೆಕ್ಟರ್ ತಲೆಗಿಂತ ಸುಮಾರು 30 ಸೆಂ.ಮೀ. ಮೇಲಿರಬೇಕು. ಸಂಜೆ ಕಲೆಕ್ಟರಿನ ಎರಡೂ ವಾಲ್ವ್ ಮುಚ್ಚಿ ಒಂದು ರಾತ್ರಿ ಬಿಟ್ಟು ಅಳೆಯಿರಿ, ಬೆಳಗ್ಗೆ ಬಿಸಿಲು ಏರುವ ಮುನ್ನ ಮರೆಯದೆ ತೆರೆಯಿರಿ. ಆಗಲೂ 50ಕ್ಕೇ ಇಳಿದರೆ ಪಫ್ ಒದ್ದೆ.

ಪಫ್ ತುಂಬಿಸುವವರಿಗಾಗಿ: ಮೇಲಿನ ಟ್ಯಾಂಕಿಗೆ ಹೊರವ್ಯಾಸ 550, ಉದ್ದ 1360 ಮಿ.ಮೀ. ಆದಾಗ ನಡುವಿನ ಜಾಗ 0.123 ಘನ ಮೀಟರ್. 38 ಕಿಲೋ ಪ್ರತಿ ಘನ ಮೀಟರ್ ಸಾಂದ್ರತೆಗೆ 4.7 ಕಿಲೋ ಮಿಶ್ರಣ ಬೇಕು. ಕಪ್ಪಿನಲ್ಲಿ ಬಿಟ್ಟಾಗ ತಾನಾಗಿ 28ಕ್ಕೆ ಏರುವ ಫೋಮನ್ನು 38ಕ್ಕೆ ಒತ್ತಿ ತುಂಬುವುದು ಬೇಕೆಂದೇ ಮಾಡುವ ಕೆಲಸ. ಖರ್ಚು ಉಳಿಸಲು 30ಕ್ಕೆ ನಿಲ್ಲಿಸಿದರೆ ಮೂಲೆ ತುಂಬುವುದಿಲ್ಲ, ಕೆಲವೇ ದಿನಕ್ಕೆ ಕುಗ್ಗಿ ಲೋಹದಿಂದ ಬಿಟ್ಟುಕೊಳ್ಳುತ್ತದೆ. ನೀರಿನಿಂದ ಊದಿದ ಫೋಮ್‌ನಲ್ಲಿ ಈ ಕುಗ್ಗುವಿಕೆ ಇನ್ನೂ ಹೆಚ್ಚು. ಕೋಶದೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗುವಷ್ಟು ಬೇಗ ಹೊರಗಿನ ಗಾಳಿ ಒಳಬರುವುದಿಲ್ಲ, ಒಳಗೆ ಒತ್ತಡ ಇಳಿದು ಕೋಶ ಸೊರಗುತ್ತದೆ. 2020ರ ಜನವರಿ 1ರಿಂದ ಭಾರತದಲ್ಲಿ ಫೋಮ್ ಊದಲು ಬಳಸುತ್ತಿದ್ದ ಎಚ್‌ಸಿಎಫ್‌ಸಿ 141ಬಿ ನಿಂತ ಮೇಲೆ ಸಣ್ಣ ಘಟಕಗಳಲ್ಲಿ ಹಳೇ ಲೆಕ್ಕದಲ್ಲೇ ಹೊಸ ಪಾಲಿಯಾಲ್ ಸುರಿಯುವುದರಿಂದ ಬರುವ ದೋಷ ಇದು. ಪಾಲಿಯಾಲ್ ಬದಲಾದರೆ ಕಪ್ ಟೆಸ್ಟ್ ಮತ್ತೆ ಮಾಡಲೇಬೇಕು: ಬಿಳಿಚುವ ಸಮಯ, ನೂಲು ಎಳೆಯುವ ಸಮಯ, ಅಂಟು ಹೋಗುವ ಸಮಯ, ತಾನಾಗಿ ಏರಿದ ಸಾಂದ್ರತೆ.

ಡಿಸೆಂಬರ್ ಬೆಳಗ್ಗೆ ಮೈಸೂರಿನಲ್ಲಿ ತಗಡು 15–16 °ಸೆ. ಇರುತ್ತದೆ. ಆ ತಣ್ಣಗಿನ ತಗಡಿಗೆ ತಾಗಿದ ಫೋಮ್ ಏಳುವುದಿಲ್ಲ, ದಪ್ಪ ಸಿಪ್ಪೆಯಾಗಿ ಕೂರುತ್ತದೆ, ಸಾಮಾನು ಅಲ್ಲೇ ಖರ್ಚಾಗುತ್ತದೆ, ಅಂಟುವುದೂ ಇಲ್ಲ. ಕವಚವನ್ನು 35–40 °ಸೆ.ಗೆ ಬೆಚ್ಚಗೆ ಮಾಡಿಕೊಂಡು ಸುರಿಯಬೇಕು.

ತಾರಸಿ_ಕುವೆಂಪುನಗರ

ತಾರಸಿಗೆ ಹಚ್ಚುವ ಪಾಲಿಯುರೆಥೇನ್ ಲೇಪನದಲ್ಲಿ ಬರುವ ಸೂಜಿರಂಧ್ರಕ್ಕೂ ಈ ನೀರೇ ಕಾರಣವೇ?

ಕೂರ್ಗಳ್ಳಿ_ಕಾಸ್ಟಿಂಗ್

ಹೆಚ್ಚಿನ ಸಲ ಹೌದು. ಕಾಂಕ್ರೀಟಿನ ಒಳಗಿನ ತೇವ. 45 ಸೆಂ.ಮೀ. ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ, 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಒಳಗೆ ಹನಿ ಇದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಆ ದಿನ ಹಚ್ಚಬೇಡಿ. ಹೊಸ ತಾರಸಿಗೆ 28 ದಿನವಾದರೂ ಆಗಿರಬೇಕು. ಇನ್ನೊಂದು ಕಾರಣ ಬೆಳಗ್ಗೆ ಹಚ್ಚುವುದು. ಹೊತ್ತು ಏರಿದಂತೆ ತಾರಸಿ ಕಾದು ಒಳಗಿನ ಗಾಳಿ ಹಿಗ್ಗಿ ಹಸಿ ಪದರವನ್ನು ತೂತು ಮಾಡುತ್ತದೆ. ಬಿಸಿಲು ಇಳಿಯುವಾಗ ಹಚ್ಚಿದರೆ ಅದು ತಪ್ಪುತ್ತದೆ. ಘನಾಂಶ 85% ಇರುವ ಲೇಪನದಲ್ಲಿ 1 ಮಿ.ಮೀ. ಒಣ ದಪ್ಪ ಬೇಕಾದರೆ ಚದರ ಮೀಟರಿಗೆ 1.18 ಲೀಟರ್ ಬೇಕು. ಎಂಡಿಐ ಅಥವಾ ಟಿಡಿಐ ಆಧಾರಿತವಾದರೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ, ಮೇಲಿನ ಕೋಟ್ ಅಲಿಫ್ಯಾಟಿಕ್ (ಬಿಸಿಲಿಗೆ ಹಳದಿಯಾಗದ ಬಗೆ) ಇರಲಿ.

ತೂಬಿನಕೆರೆ_ರೋಲರ್

ನೀರಿನ ಮಾತು ಬಂದಿದ್ದಕ್ಕೆ ಪಾಲಿಯೆಸ್ಟರ್, ಪಾಲಿಈಥರ್ ವ್ಯತ್ಯಾಸ ಹೇಳಿಬಿಡ್ತೀನಿ, ಚ್ಯೂಟ್ ಹುಡುಗರಿಗೂ ಬೇಕಾಗುತ್ತೆ. ಪಾಲಿಯೆಸ್ಟರ್ ಆಧಾರದ್ದು ಎಣ್ಣೆಗೆ, ಒಣ ಸವೆತಕ್ಕೆ ಗಟ್ಟಿ. ಆದ್ರೆ ತೇವ ಮತ್ತು ಬಿಸಿ ಸೇರಿದರೆ ಎಸ್ಟರ್ ಬಂಧ ನೀರಿನಿಂದ ಕತ್ತರಿಸಿಹೋಗುತ್ತೆ. ಹೀಗೆ ಕತ್ತರಿಸಿದಾಗ ಹುಟ್ಟೋ ಆಮ್ಲವೇ ಮುಂದಿನ ಬಂಧ ಕತ್ತರಿಸೋದನ್ನ ಚುರುಕು ಮಾಡುತ್ತೆ. ಪೆಟ್ಟಿಗೆಯಲ್ಲಿಟ್ಟ ಶೂ ಮೂರ್ನಾಲ್ಕು ವರ್ಷಕ್ಕೆ ಹಾಕಿಕೊಂಡ ದಿನವೇ ಅಟ್ಟೆ ಪುಡಿಪುಡಿ ಆಗೋದು ಇದರಿಂದಲೇ. ಪಾಲಿಈಥರ್ ನೀರಿಗೆ ಹೆದರಲ್ಲ, ಬಿಸಿಲು ಮತ್ತು ಆಮ್ಲಜನಕಕ್ಕೆ ಹೆದರುತ್ತೆ. ಸಕ್ಕರೆ ಕಾರ್ಖಾನೆ, ಆಲೆಮನೆಯ ಕಡೆ ಕಬ್ಬಿನ ಹಾಲು ಹರಿಯೋ ಜಾಗಕ್ಕೆ ಈಥರ್. ಕುದಿಯೋ ಕೊಪ್ಪರಿಗೆ, ಹಬೆ ತಾಗೋ ಜಾಗಕ್ಕೆ ಎರಡೂ ಬೇಡ. 80–90 °ಸೆ. ದಾಟಿದರೆ ಸಾಮಾನ್ಯ ಎರಕದ ಬಲ ಇಳಿದುಹೋಗುತ್ತೆ. ಭತ್ತ ಸುಲಿಯೋ ರೋಲಿಗೆ ಪಾಲಿಯುರೆಥೇನ್ ಹಾಕಿ ನೋಡೋರಿಗೂ ಇದೇ ಅಡ್ಡಿ. ಎರಡು ರೋಲು ಬೇರೆ ಬೇರೆ ವೇಗದಲ್ಲಿ ಉಜ್ಜಿಕೊಂಡು ಹುಟ್ಟೋ ಶಾಖ ಹೊರಗೆ ಹೋಗಲ್ಲ. ಜಾರುವ ಚ್ಯೂಟ್‌ನಲ್ಲಿ ಆ ತೊಂದರೆ ಇಲ್ಲ, ಅದಕ್ಕೇ ನಿಮ್ಮ ವಿಷಯ ಒಳ್ಳೆಯದು ಅಂತೀನಿ.

ತಗಡಿಗೆ ಅಂಟಿಸೋದಾದರೆ: ಗ್ರಿಟ್ ಬ್ಲಾಸ್ಟ್ ಮಾಡಿ ಎಸ್‌ಎ 2.5 ಅನ್ನೋ ಶುಚಿತ್ವದ ಮಟ್ಟಕ್ಕೆ ತರಬೇಕು, ದ್ರಾವಕದಿಂದ ಒರೆಸಬೇಕು, ಬಾಂಡಿಂಗ್ ಏಜೆಂಟ್ ಹಚ್ಚಿ ಬಿಸಿ ಒಣಗಿಸಬೇಕು, ಅವತ್ತೇ ಎರಕ ಹೊಯ್ಯಬೇಕು. ಮಳೆಗಾಲದಲ್ಲಿ ಬ್ಲಾಸ್ಟ್ ಮಾಡಿ ರಾತ್ರಿ ಬಿಟ್ಟ ತಗಡಿನ ಮೇಲೆ ಬೆಳಗ್ಗೆ ಕಣ್ಣಿಗೆ ಕಾಣದಷ್ಟು ತುಕ್ಕು ಕೂತಿರುತ್ತೆ. ಪದರ ಹಾಳೆಯ ಹಾಗೆ ಎದ್ದು ಬರುತ್ತೆ.

ಟೈಟ್ರೇಷನ್_ಮೇಡಂ

ಸುರಕ್ಷತೆ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ಐಸೊಸಯನೇಟ್ ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಆಮೇಲೆ ಅತಿ ಕಡಿಮೆ ಪ್ರಮಾಣಕ್ಕೂ ಉಬ್ಬಸ ಬರುತ್ತದೆ, ಅದು ವಾಸಿಯಾಗುವ ಅಲರ್ಜಿಯಲ್ಲ. ವಾಸನೆ ಬಂದಾಗ ಹುಷಾರಾಗೋಣ ಎಂದುಕೊಳ್ಳಬೇಡಿ. ಟಿಡಿಐ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಸುರಕ್ಷಿತ ಮಿತಿ ದಾಟಿರುತ್ತದೆ. ಎಂಡಿಐ ಅಷ್ಟು ಆವಿಯಾಗುವುದಿಲ್ಲ, ಆದರೆ ಬಿಸಿಮಾಡಿದಾಗ, ಸ್ಪ್ರೇ ಮಾಡಿದಾಗ ಅದೂ ಅಪಾಯವೇ. ಫ್ಯೂಮ್ ಹುಡ್, ನೈಟ್ರೈಲ್ ಕೈಗವಸು, ಕನ್ನಡಕ ಕಡ್ಡಾಯ. ಮೊದಲೇ ಉಬ್ಬಸ ಇರುವ ವಿದ್ಯಾರ್ಥಿಯನ್ನು ಈ ಬೆಂಚಿಗೆ ಹಾಕಬೇಡಿ.

ಚೆಲ್ಲಿದರೆ ಮರದ ಹೊಟ್ಟು ಅಥವಾ ಮರಳು ಹಾಕಿ ಹೀರಿಸಿ, 5–10% ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸೋಪು ಬೆರೆಸಿದ ನೀರು ಸುರಿಯಿರಿ. ಬಾಚಿದ್ದನ್ನು ಡಬ್ಬಕ್ಕೆ ಹಾಕಿ 48 ಗಂಟೆ ಮುಚ್ಚಳ ಬಿಗಿಯಬೇಡಿ, ಒಳಗೆ ಅನಿಲ ಹುಟ್ಟುತ್ತಲೇ ಇರುತ್ತದೆ, ಬಿಗಿದ ಡಬ್ಬ ಸಿಡಿಯುತ್ತದೆ. ಎಂಡಿಐ ಡಬ್ಬವೇ ಉಬ್ಬಿ ನಿಂತಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ, ಮುಟ್ಟದೆ ಜವಾಬ್ದಾರರಿಗೆ ತಿಳಿಸಿ. ಹಾಳಾದ ಶೀಟು, ಫೋಮ್ ತುಂಡುಗಳನ್ನು ಹಿತ್ತಲಲ್ಲಿ ಸುಡುವುದು ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಇರುತ್ತದೆ.

ಹರಳೆಣ್ಣೆ_ಪ್ರಾಜೆಕ್ಟ್ (ಮೈಸೂರು)

ತುಂಬ ಉಪಕಾರವಾಯಿತು. ಕೊನೆಯ ಪ್ರಶ್ನೆ: ಶೀಟು ಪೂರ್ತಿ ಗಟ್ಟಿಯಾಗಿದೆ ಎಂದು ಹೇಗೆ ತಿಳಿಯುವುದು, ಪರೀಕ್ಷೆ ಯಾವಾಗ ಮಾಡುವುದು? ಎಂಡಿಐ ತಯಾರಕರ ಪತ್ರದಲ್ಲಿ 31.2% ಇದೆ, ನಮ್ಮ ಟೈಟ್ರೇಷನ್‌ನಲ್ಲಿ 30.1% ಬಂತು. ಯಾವುದನ್ನು ನಂಬಬೇಕು?

ಟೈಟ್ರೇಷನ್_ಮೇಡಂ

ಮೊದಲು ಇನ್ನೆರಡು ಸಲ ಮಾಡಿ. ಮೂರೂ 30ರ ಆಸುಪಾಸೇ ಬಂದರೆ ನಿಮ್ಮ ಅಂಕಿಯನ್ನೇ ಹಿಡಿಯಿರಿ. ಪತ್ರ ಹೇಳುವುದು ಡಬ್ಬ ಮುಚ್ಚಿದ ದಿನದ ಮಾತು, ಅದು ತೆರೆದು ಮುಚ್ಚಿ ತೆರೆದು ಮುಚ್ಚಿ ಎಷ್ಟು ತೇವ ಕುಡಿದಿದೆಯೋ ಪತ್ರಕ್ಕೆ ಗೊತ್ತಿಲ್ಲ. 30.1 ಆದರೆ ತುಲ್ಯ ತೂಕ 139.5, ಇಂಡೆಕ್ಸ್ 1.05ಕ್ಕೆ 41.3ರ ಬದಲು 42.6 ಗ್ರಾಂ ಹಾಕಬೇಕು. ಡಬ್ಬದ ತಳದಲ್ಲಿ ಬಿಳಿ ಗಷ್ಟು ಕಂಡರೆ ಅದು ಯೂರಿಯಾ, ಮೇಲಿನ ತಿಳಿಯನ್ನೂ ಎರಕಕ್ಕೆ ಬಳಸಬೇಡಿ.

ಗಟ್ಟಿಯಾಗಿದೆಯೇ ಎಂದು ತಿಳಿಯಲು ಎಫ್‌ಟಿಐಆರ್‌ನಲ್ಲಿ (ಅವಕೆಂಪು ರೋಹಿತ) 2270 ಸೆಂ.ಮೀ.⁻¹ರ ಎನ್‌ಸಿಒ ಶಿಖರ ನೋಡಿ. 80 °ಸೆ.ನಲ್ಲಿ 16 ಗಂಟೆ ಇಟ್ಟ ಮೇಲೂ ಅದು ಉಳಿದಿದ್ದರೆ ಇನ್ನಷ್ಟು ಹೊತ್ತು ಇಡಿ. ಇಂಡೆಕ್ಸ್ 1.05 ಇರುವುದರಿಂದ ಸಣ್ಣ ಗುರುತು ಉಳಿಯುವುದು ಸಹಜ, ದಿನ ಕಳೆದಂತೆ ಗಾಳಿಯ ತೇವಕ್ಕೆ ಅದೂ ಕರಗುತ್ತದೆ. ಜೊತೆಗೆ ಒಂದು ಗ್ರಾಂ ತುಂಡನ್ನು ಟಾಲುಯೀನ್‌ನಲ್ಲಿ 72 ಗಂಟೆ ನೆನೆಸಿ, ಒಣಗಿಸಿ ತೂಗಿ. ಕಳೆದುಹೋದ ತೂಕ ಬಲೆಗೆ ಸೇರದೆ ಉಳಿದ ಎಣ್ಣೆಯದು. ಅದು 5% ದಾಟಿದರೆ ಅಳತೆಯಲ್ಲೋ ಕಲಸುವುದರಲ್ಲೋ ತಪ್ಪಿದೆ ಎಂದು ನಾನು ಹಿಡಿಯುತ್ತೇನೆ.

ಅಚ್ಚಿನಿಂದ ತೆಗೆದು 23–25 °ಸೆ.ನಲ್ಲಿ 7 ದಿನ ಬಿಟ್ಟು ಪರೀಕ್ಷೆ ಮಾಡಿ. ಎಳೆತ ಎಎಸ್‌ಟಿಎಂ ಡಿ412, ಗಡಸುತನ ಡಿ2240. ಶೋರ್ ಎ ಅಳತೆಗೆ 6 ಮಿ.ಮೀ. ದಪ್ಪ ಬೇಕು, ನಿಮ್ಮ 3 ಮಿ.ಮೀ. ಶೀಟು ಎರಡನ್ನು ಒಂದರ ಮೇಲೊಂದಿಟ್ಟು ಅಳೆಯಿರಿ. ಒಂಟಿ ಶೀಟನ್ನು ಮೇಜಿನ ಮೇಲಿಟ್ಟು ಅಳೆದರೆ ಅಂಕಿ ಹೆಚ್ಚಿಗೆ ಬರುತ್ತದೆ. ಡಂಬೆಲ್ ಐದಾದರೂ ಇರಲಿ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ, ಗುಳ್ಳೆಯಿಂದ ಶುರುವಾಗಿ ಮುರಿದಿದ್ದರೆ ಆ ಅಂಕಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಯಂತ್ರ ಇಲ್ಲದಿದ್ದರೆ ಮೈಸೂರಿನ ಸಿಪೆಟ್‌ನಲ್ಲಿ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಮಾಡಿಸಬಹುದು. ಸ್ಯಾಂಪಲ್ ಕವರಿನ ಮೇಲೆ ಎರಕದ ತಾರೀಖು, ಎಣ್ಣೆಯ ತೇವದ ಅಂಕಿ, ಆ ದಿನ ಅಳೆದ ಎನ್‌ಸಿಒ, ಇವು ಮೂರೂ ಇರಲಿ.